ಪೀಠದಿಂದ ಇಳಿದವರಿಗೆ ಜಾಗ ಎಲ್ಲಿದೆ?

ಖಾಲಿ ಹಾಳೆಗೆ ಸಹಿ ಹಾಕಿಕೊಡಬಾರದು ಅಂತ ಚಿಕ್ಕಂದಿನಲ್ಲೇ ಮನೆಯಲ್ಲಿ ಹೇಳಿಕೊಡುತ್ತಾರೆ, ಅಲ್ವಾ? 1294ರಲ್ಲಿ ಕೆಲವು ತಿಂಗಳು ಪೋಪರ ಕಚೇರಿಯಿಂದ ಅಂಥ ಖಾಲಿ ಹಾಳೆಗಳು ಹೊರಗೆ ಹೋಗುತ್ತಿದ್ದವು ಅಂತ ಆ ಕಾಲದವರು ಬರೆದಿಟ್ಟಿದ್ದಾರೆ. ಕೆಳಗೆ ಪೋಪರ ಸೀಸದ ಮೊಹರು ತೂಗುತ್ತಿದೆ. ಮೇಲೆ ಚರ್ಮದ ಹಾಳೆ ಖಾಲಿ. ಯಾವ ಊರಿನ ಚರ್ಚು, ಯಾರಿಗೆ ಹುದ್ದೆ, ಯಾವ ಆದಾಯ, ಎಲ್ಲವನ್ನೂ ತಗೊಂಡು ಹೋದವನೇ ತುಂಬಿಸಿಕೊಳ್ಳಬಹುದು. ಒಂದೇ ಹುದ್ದೆಯನ್ನು ಒಬ್ಬರಿಗಿಂತ ಜಾಸ್ತಿ ಜನರಿಗೆ ಕೊಟ್ಟದ್ದೂ ಇದೆ. ಹಾಗಂತ ಆ ಪೋಪ್ ದುಡ್ಡಿನ ಆಸೆಯವರಲ್ಲ. ದಶಕಗಟ್ಟಲೆ ಬೆಟ್ಟದ ಗುಹೆಗಳಲ್ಲಿ ಉಪವಾಸ ಇದ್ದು ಬದುಕಿದವರು. ಅವರ ಶತ್ರುಗಳು ಕೂಡ ಅವರನ್ನು ಕೆಟ್ಟವರು ಅಂದದ್ದಿಲ್ಲ. ಆಮೇಲೆ ಚರ್ಚು ಅವರನ್ನು ಸಂತ ಅಂತಲೇ ಘೋಷಿಸಿತು. ಐದನೇ ಸೆಲೆಸ್ಟೀನ್ ಅವರ ಹೆಸರು. ಅಷ್ಟು ಒಳ್ಳೆಯ ಮನುಷ್ಯ, ಅಷ್ಟು ಹದಗೆಟ್ಟ ಕಚೇರಿ. ಈ ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಯೋಚಿಸೋದು ನನಗೆ ತುಂಬಾ ದಿನದಿಂದ ಕಷ್ಟವಾಗಿದೆ.

ಅವರ ಕತೆಯನ್ನು ಸಾಮಾನ್ಯವಾಗಿ ಎರಡು ರೀತಿ ಹೇಳುತ್ತಾರೆ. ಪಾಪದ ಮುದುಕ, ರಾಜಕಾರಣಿಗಳ ಕೈಗೆ ಸಿಕ್ಕಿ ನರಳಿದ ಅನ್ನೋದು ಒಂದು. ಹೇಡಿ, ದೇವರು ಕೊಟ್ಟ ಕೆಲಸ ಬಿಟ್ಟು ಓಡಿಹೋದ ಅನ್ನೋದು ಇನ್ನೊಂದು. ಎರಡೂ ನನಗೆ ಒಪ್ಪಿಗೆಯಾಗಲ್ಲ. ಎರಡರಲ್ಲೂ ಕಣ್ಣೆಲ್ಲ ಒಂದೇ ದಿನದ ಮೇಲೆ, ಅವರು ಪೀಠದಿಂದ ಕೆಳಗಿಳಿದ 1294ರ ಡಿಸೆಂಬರ್ 13ರ ಮೇಲೆ. ನನಗೆ ಆ ದಿನಕ್ಕಿಂತ ಅದರ ಹಿಂದಿನದು, ಮುಂದಿನದು ಜಾಸ್ತಿ ಕಾಡುತ್ತದೆ.

ಬೆಟ್ಟದ ಮೇಲಿನ ಮನುಷ್ಯ

ಇಟಲಿಯ ಅಬ್ರುಜ್ಜೊ ಪ್ರಾಂತದಲ್ಲಿ ಸುಲ್ಮೋನ ಅಂತ ಒಂದು ಊರಿದೆ. ಸಕ್ಕರೆ ಲೇಪದ ಬಾದಾಮಿ ಮಿಠಾಯಿಗೆ ಹೆಸರಾದ ಊರು. ಅಲ್ಲಿಂದ ಸ್ವಲ್ಪ ಆಚೆಗೆ ಹೋದರೆ ಮೊರೋನೆ ಬೆಟ್ಟದ ಬುಡದಲ್ಲಿ ದೊಡ್ಡದೊಂದು ಮಠ ಸಿಗುತ್ತದೆ. ಅದರ ಮೇಲೆ, ಬಂಡೆಗೆ ಅಂಟಿಕೊಂಡ ಹಾಗೆ, ಸಂತ ಒನೊಫ್ರಿಯೊ ಹೆಸರಿನ ಚಿಕ್ಕ ಆಶ್ರಮ. ನಾನು ಅಲ್ಲಿಗೆ ಹತ್ತಿದ್ದು ಬೇಸಿಗೆಯ ಮಧ್ಯಾಹ್ನ. ದಾರಿಯೆಲ್ಲ ಕಲ್ಲು, ನೆರಳು ಕಡಿಮೆ. ಕಾಲಿಟ್ಟಲ್ಲಿ ಸಣ್ಣ ಕಲ್ಲುಗಳು ಜಾರುತ್ತಿದ್ದವು. ಮೇಲೆ ತಲುಪಿದಾಗ ಅಂಗಿ ಬೆನ್ನಿಗೆ ಅಂಟಿತ್ತು. ಗೋಡೆಗೆ ಒರಗಿ ನಿಂತು ಕೆಳಗೆ ನೋಡಿದರೆ ಇಡೀ ಕಣಿವೆ ಕಾಣುತ್ತದೆ. ಹೊಲ, ರಸ್ತೆ, ಊರಿನ ಗೋಪುರಗಳು. ಕೆಳಗಿಂದ ಯಾರೇ ಹತ್ತಿ ಬಂದರೂ ಮೇಲಿದ್ದವರಿಗೆ ಬಹಳ ಮೊದಲೇ ಗೊತ್ತಾಗುತ್ತದೆ. ನಾನು ಅಲ್ಲಿ ನಿಂತು ಯೋಚಿಸಿದ್ದು ಅದನ್ನೇ. 1294ರ ಜುಲೈನಲ್ಲಿ ಮೇಲಿದ್ದ ಆ ಮುದುಕರೂ ಹೀಗೇ ನೋಡಿರಬೇಕು. ಬಿಷಪ್‌ಗಳು, ಸೇವಕರು, ಹಿಂದೆ ಊರಿನ ಜನ, ಎಲ್ಲರೂ ಬೆವರು ಸುರಿಸಿಕೊಂಡು ತನ್ನ ಕಡೆಗೇ ಬರುತ್ತಿದ್ದಾರೆ. ತಪ್ಪಿಸಿಕೊಳ್ಳೋಣ ಅಂದರೆ ಹಿಂದೆ ಬರೀ ಬಂಡೆ.

ಆ ದೃಶ್ಯವನ್ನು ಯಾಕೊಪೊ ಸ್ತೆಫಾನೆಸ್ಕಿ ಅನ್ನುವವರು ಲ್ಯಾಟಿನ್ ಪದ್ಯದಲ್ಲಿ ಬರೆದಿದ್ದಾರೆ. ಆಮೇಲೆ ಅವರೇ ಕಾರ್ಡಿನಲ್, ಅಂದರೆ ಪೋಪರನ್ನು ಆರಿಸುವ ಹಿರಿಯ ಪಾದ್ರಿಗಳಲ್ಲಿ ಒಬ್ಬರು, ಆದರು. ಅವರು ಹೇಳುವ ಹಾಗೆ, ಗೂಡಿನಂಥ ಕೋಣೆ, ಅದಕ್ಕೊಂದು ಕಂಬಿ ಹಾಕಿದ ಕಿಂಡಿ. ಕಿಂಡಿಯ ಹಿಂದೆ ಬಿಳಿಚಿದ ಮುಖ, ಕೆದರಿದ ಗಡ್ಡ, ಉಪವಾಸದಿಂದ ಗುಳಿಬಿದ್ದ ಕೆನ್ನೆ, ಅತ್ತು ಅತ್ತು ಊದಿಕೊಂಡ ಕಣ್ಣು. ಬಂದವರು ಟೋಪಿ ತೆಗೆದು ಮಂಡಿಯೂರಿದರು. ಒಳಗಿದ್ದ ಮುದುಕರೂ ನೆಲಕ್ಕೆ ಬಿದ್ದು ನಮಸ್ಕರಿಸಿದರು. ನೀವೇ ಪೋಪ್ ಅಂತ ಹೊರಗಿನವರು ಹೇಳುತ್ತಿದ್ದಾರೆ. ಯಾರು ಯಾರಿಗೆ ನಮಸ್ಕಾರ ಮಾಡಬೇಕು ಅನ್ನೋದು ಆ ಕ್ಷಣದಲ್ಲಿ ಯಾರಿಗೂ ಗೊತ್ತಿದ್ದ ಹಾಗಿಲ್ಲ. ಅವರು ಪ್ರಾರ್ಥನೆ ಮಾಡಿದರು, ಒಪ್ಪಿಕೊಂಡರು. ವಯಸ್ಸು ಆಗಲೇ 80ರ ಆಸುಪಾಸು ದಾಟಿತ್ತು.

ಇಲ್ಲಿ ಒಂದು ಮಾತು ಹೇಳಲೇಬೇಕು. ಏನೂ ಗೊತ್ತಿಲ್ಲದ ಕಾಡುಮನುಷ್ಯನನ್ನು ಎಳೆದುತಂದರು ಅನ್ನುವ ಚಿತ್ರ ಸರಿಯಲ್ಲ. ಪಿಯೆತ್ರೊ, ಇದು ಅವರ ಮೊದಲಿನ ಹೆಸರು, ಮೊಲೀಸೆ ಕಡೆಯ ರೈತ ಕುಟುಂಬದ 12 ಮಕ್ಕಳಲ್ಲಿ 11ನೆಯವರು. ತಂದೆ ಬೇಗ ತೀರಿಕೊಂಡರು. ಮನೆಯವರು ಬೇಡ ಅಂದರೂ ತಾಯಿ ಮರಿಯಾ ಈ ಹುಡುಗನನ್ನು ಓದಿಸಿದರು. ಬೆನೆಡಿಕ್ಟಿನ್ ಸನ್ಯಾಸಿಯಾದ ಪಿಯೆತ್ರೊ ಆಮೇಲೆ ಗುಹೆ ಹುಡುಕಿಕೊಂಡು ಮೊದಲು ಮೊರೋನೆಗೆ, ಅಲ್ಲೂ ಜನ ಜಾಸ್ತಿಯಾದಾಗ ಇನ್ನೂ ಎತ್ತರದ ಮಯೆಲ್ಲಾ ಬೆಟ್ಟಕ್ಕೆ ಹೋದರು. ಆದರೆ ಎಲ್ಲಿ ಹೋದರೂ ಶಿಷ್ಯರು ಬೆನ್ನುಹತ್ತಿ ಬಂದರು. ಅವರಿಗಾಗಿ ಒಂದು ಮಠ, ಅದರ ಶಾಖೆ, ಮತ್ತೊಂದು ಶಾಖೆ ಅಂತ ಬೆಳೆಯಿತು. 1263ರಲ್ಲಿ ನಾಲ್ಕನೇ ಅರ್ಬನ್ ಪೋಪ್ ಅದಕ್ಕೆ ಮಾನ್ಯತೆ ಕೊಟ್ಟರು. 1274ರಲ್ಲಿ ಲಿಯೋನ್‌ನಲ್ಲಿ ದೊಡ್ಡ ಸಭೆ ಸೇರಿತು. ಹೊಸ ಸನ್ಯಾಸಿ ಪಂಥಗಳನ್ನೆಲ್ಲ ರದ್ದು ಮಾಡುತ್ತಾರೆ ಅನ್ನುವ ಸುದ್ದಿ ಹಬ್ಬಿತ್ತು. ಆಗ 60 ದಾಟಿದ ಪಿಯೆತ್ರೊ ಇಟಲಿಯಿಂದ ಫ್ರಾನ್ಸಿನ ಆ ಊರಿನವರೆಗೆ ನಡೆದೇ ಹೋಗಿ, ಹತ್ತನೇ ಗ್ರೆಗರಿ ಪೋಪರಿಂದ ತಮ್ಮ ಮಠಗಳಿಗೆ ರಕ್ಷಣೆಯ ಪತ್ರ ಪಡೆದು ಬಂದರು. ಕಚೇರಿ ಬಾಗಿಲು ತಟ್ಟಿ ಕೆಲಸ ಮಾಡಿಸಿಕೊಂಡು ಬರೋದು ಅವರಿಗೆ ಚೆನ್ನಾಗಿಯೇ ಗೊತ್ತಿತ್ತು. ತಾನು ಕಟ್ಟಿದ್ದನ್ನು, ತಾನು ಮುಖ ನೋಡಿ ಗುರುತಿಸಬಲ್ಲ ಜನರನ್ನು ಅವರು ನಡೆಸಬಲ್ಲವರಾಗಿದ್ದರು. ಗೊತ್ತೇ ಇಲ್ಲದ ಸಾವಿರಾರು ಜನರ ಹಣೆಬರಹ ಕಾಗದದ ಮೇಲೆ ಬರೆಯುವ ಕೆಲಸ ಬೇರೆಯೇ.

ಯಾರ ಕಡೆಯವರೂ ಅಲ್ಲ

ನಾಲ್ಕನೇ ನಿಕೊಲಾಸ್ ಪೋಪ್ ತೀರಿಕೊಂಡದ್ದು 1292ರ ಏಪ್ರಿಲ್ 4ರಂದು. ಮುಂದಿನ ಪೋಪರನ್ನು ಆರಿಸಬೇಕಾದ ಕಾರ್ಡಿನಲ್‌ಗಳು ಒಂದು ಡಜನ್ ಮಾತ್ರ, ಅದರಲ್ಲೂ ಒಬ್ಬರು ನಡುವೆ ತೀರಿಕೊಂಡರು. ಅಷ್ಟೇ ಜನಕ್ಕೆ 27 ತಿಂಗಳು ಹಿಡಿಯಿತು. ಕೊಲೊನ್ನಾ ಮನೆತನ ಒಂದು ಕಡೆ, ಓರ್ಸಿನಿ ಮನೆತನ ಇನ್ನೊಂದು ಕಡೆ. ನಡುವೆ ರೋಮ್‌ನಲ್ಲಿ ಜ್ವರ ಬಂತು, ಗಲಭೆ ಆಯಿತು. ಸಭೆ ರೋಮ್ ಬಿಟ್ಟು ಪೆರೂಜಕ್ಕೆ ಹೋಯಿತು. ನೇಪಲ್ಸ್‌ನ ರಾಜ ಎರಡನೇ ಚಾರ್ಲ್ಸ್ ಅಲ್ಲಿಗೇ ಬಂದು ಬೇಗ ಮುಗಿಸಿ ಅಂತ ಒತ್ತಡ ಹಾಕಿದ. ಕಾನೂನು ಪಂಡಿತರಾಗಿದ್ದ ಕಾರ್ಡಿನಲ್ ಬೆನೆದೆತ್ತೊ ಕಯೆತಾನಿ ಜೊತೆ ಅವನಿಗೆ ಜಗಳವೂ ಆಯಿತು. ರಾಜನಿಗೆ ಅವಸರ ಇತ್ತು. 1282ರಲ್ಲಿ ಸಿಸಿಲಿ ಅವನ ಮನೆತನದ ಕೈತಪ್ಪಿತ್ತು. ಅದನ್ನು ವಾಪಸ್ ಪಡೆಯಲು ಈಗಿನ ಸ್ಪೇನ್‌ನಲ್ಲಿದ್ದ ಅರಗಾನ್ ರಾಜ್ಯದ ಜೊತೆ ಮಾಡಿಕೊಂಡ ಒಪ್ಪಂದಕ್ಕೆ ಪೋಪರ ಒಪ್ಪಿಗೆ ಬೇಕು. ಒಪ್ಪಿಗೆ ಕೊಡಲು ಪೋಪ್ ಅನ್ನುವವರೇ ಇಲ್ಲ.

ಜುಲೈ 5ರಂದು ಹಿರಿಯ ಕಾರ್ಡಿನಲ್ ಲತೀನೊ ಮಲಬ್ರಾಂಕ ಒಂದು ವಿಷಯ ಎತ್ತಿದರು. ಒಬ್ಬ ಪವಿತ್ರ ಏಕಾಂತವಾಸಿಯಿಂದ ಎಚ್ಚರಿಕೆ ಬಂದಿದೆ, ಇನ್ನೂ ತಡಮಾಡಿದರೆ ದೇವರ ಕೋಪ ತಟ್ಟುತ್ತದೆ ಅಂತ. ಯಾರು ಆ ಏಕಾಂತವಾಸಿ ಅಂತ ಕೇಳಿದರು. ಮೊರೋನೆಯ ಪಿಯೆತ್ರೊ ಅಂದರು. ಮಾತು ಹಾಗೇ ಮುಂದುವರಿದು, ಆ ಪಿಯೆತ್ರೊ ಅವರನ್ನೇ ಆರಿಸೋಣ ಅಂತ ಮಲಬ್ರಾಂಕ ತಮ್ಮ ಮತ ಹಾಕಿಬಿಟ್ಟರು. ಒಬ್ಬೊಬ್ಬರಾಗಿ ಎಲ್ಲರೂ ಸೇರಿಕೊಂಡರು. ಕೆಲವರು ಅತ್ತರಂತೆ. ಆ ಕಣ್ಣೀರು ನಾಟಕ ಅಂತ ನನಗೆ ಅನ್ನಿಸಲ್ಲ. ಎರಡು ವರ್ಷ ಒಬ್ಬರ ಮುಖ ಒಬ್ಬರು ನೋಡಿ ಬೇಸತ್ತವರಿಗೆ, ತಮಗಿಂತ ಒಳ್ಳೆಯವರೊಬ್ಬರ ಹೆಸರು ಕೇಳಿದಾಗ ಮನಸ್ಸು ಕರಗಿರಬಹುದು. ಆದರೆ ಆ ಹೆಸರು ಅಷ್ಟು ಸುಲಭವಾಗಿ ಒಪ್ಪಿಗೆಯಾಗಲು ಇನ್ನೊಂದು ಕಾರಣವೂ ಇತ್ತು. ಪಿಯೆತ್ರೊ ಕೊಲೊನ್ನಾ ಕಡೆಯವರೂ ಅಲ್ಲ, ಓರ್ಸಿನಿ ಕಡೆಯವರೂ ಅಲ್ಲ. ಯಾರೂ ಸೋಲಬೇಕಾಗಿರಲಿಲ್ಲ. ಅವರ ಒಳ್ಳೆಯತನ ಆ ಹುದ್ದೆಗೆ ಸಾಕಾಗುತ್ತದಾ ಅಂತ ಆ ಕೋಣೆಯಲ್ಲಿ ಯಾರಾದರೂ ಕೇಳಿದರೋ ಇಲ್ಲವೋ. ಈ ಕತೆಯಲ್ಲಿ ಮೊದಲ ಅನ್ಯಾಯ ನಡೆದದ್ದು ಇಲ್ಲಿ ಅಂತ ನನ್ನ ಅಭಿಪ್ರಾಯ. ತಮ್ಮ ಜಗಳದಿಂದ ಹೊರಗೆ ಬರುವ ದಾರಿಯಾಗಿ ಅವರು ಒಬ್ಬ ಮನುಷ್ಯನನ್ನು ಬಳಸಿಕೊಂಡರು.

ಯಾರ ಕಡೆಯವರೂ ಅಲ್ಲದವರನ್ನು ಮೊದಲು ಹೋಗಿ ಕೈಹಿಡಿದವನು ರಾಜ ಚಾರ್ಲ್ಸ್. ಕಾರ್ಡಿನಲ್‌ಗಳು ಹೊಸ ಪೋಪರನ್ನು ಪೆರೂಜಕ್ಕೆ ಕರೆದರು. ಅವರು ಹೋಗಲಿಲ್ಲ, ಹೋಗಲು ರಾಜ ಬಿಡಲೂ ಇಲ್ಲ. ಬದಲಿಗೆ ತನ್ನ ರಾಜ್ಯದ ಒಳಗೇ ಇದ್ದ ಲಾಕ್ವಿಲ ಊರಿಗೆ ಕರೆದುಕೊಂಡು ಹೋದ. ಪಿಯೆತ್ರೊ ಕುದುರೆ ಬೇಡ ಅಂದರು, ಕತ್ತೆಯ ಮೇಲೆ ಕೂತರು. ಕತ್ತೆಯ ಲಗಾಮು ಹಿಡಿದು ನಡೆದವರು ರಾಜ ಚಾರ್ಲ್ಸ್ ಮತ್ತು ಹಂಗೇರಿಯ ರಾಜ ಅನ್ನಿಸಿಕೊಂಡಿದ್ದ ಅವನ ಮಗ ಚಾರ್ಲ್ಸ್ ಮಾರ್ಟೆಲ್. ನೋಡಿದ ಜನರಿಗೆ ಅದು ರಾಜರ ವಿನಯವಾಗಿ ಕಂಡಿತು. ಕತ್ತೆ ಎಲ್ಲಿಗೆ ಹೋಗಬೇಕು ಅಂತ ತೀರ್ಮಾನ ಮಾಡುತ್ತಿದ್ದವರು ಕೂಡ ಅವರೇ. ಆಗಸ್ಟ್ 29ರಂದು, ಪಿಯೆತ್ರೊ ತಾವೇ ಕಟ್ಟಿಸಿದ ಕೊಲ್ಲೆಮಾಜ್ಜೊ ಚರ್ಚಿನಲ್ಲಿ ಪಟ್ಟಾಭಿಷೇಕ ಆಯಿತು.

ಅರಮನೆಯೊಳಗೊಂದು ಮರದ ಗೂಡು

ಮುಂದಿನದೆಲ್ಲ ಬೇಗ ಬೇಗ ನಡೆಯಿತು. ಸೆಪ್ಟೆಂಬರ್ 18ರಂದು ಒಟ್ಟಿಗೆ 12 ಜನ ಹೊಸ ಕಾರ್ಡಿನಲ್‌ಗಳು. ಅದರಲ್ಲಿ 7 ಜನ ಫ್ರೆಂಚರು. ಚಾರ್ಲ್ಸ್ ಕೂಡ ಫ್ರಾನ್ಸಿನ ರಾಜಮನೆತನದವನೇ. ಇಬ್ಬರು ಪಿಯೆತ್ರೊ ಅವರ ಸ್ವಂತ ಪಂಥದ ಸನ್ಯಾಸಿಗಳು. ಬೆಟ್ಟಕ್ಕೆ ಹತ್ತಿ ಸುದ್ದಿ ತಂದಿದ್ದ ಲಿಯೋನ್‌ನ ಆರ್ಚ್‌ಬಿಷಪ್ ಕೂಡ ಕಾರ್ಡಿನಲ್ ಆದರು. ಖಾಲಿಯಾದ ಲಿಯೋನ್ ಪೀಠಕ್ಕೆ ಅಕ್ಟೋಬರ್‌ನಲ್ಲಿ ರಾಜನ ಮಗ ಲೂಯಿಯ ನೇಮಕ. ಅವನಿಗೆ ಆಗ 20 ವರ್ಷ. ಅರಗಾನ್‌ನವರ ಕೈಯಲ್ಲಿ ಒತ್ತೆಯಾಳಾಗಿದ್ದ, ಲಿಯೋನ್‌ಗೆ ಹೋಗುವ ಸ್ಥಿತಿಯಲ್ಲೇ ಇರಲಿಲ್ಲ. ರಾಜನ ಸಿಸಿಲಿ ಒಪ್ಪಂದಕ್ಕೂ ಒಪ್ಪಿಗೆ ಸಿಕ್ಕಿತು. ಪೋಪರ ವಾಸ ರೋಮ್ ಅಲ್ಲ, ನೇಪಲ್ಸ್. ರಾಜನ ಕೋಟೆಯಾದ ಕಾಸ್ತೆಲ್ ನೂವೊ.

ಎಲ್ಲ ತಪ್ಪೂ ರಾಜನದೇ ಅಂತ ಹೇಳಿಬಿಟ್ಟರೆ ಕತೆ ಸುಲಭವಾಗುತ್ತದೆ. ಹಾಗಿಲ್ಲ. ನೇಪಲ್ಸ್‌ಗೆ ಹೋಗುವ ದಾರಿಯಲ್ಲಿ ಪಿಯೆತ್ರೊ ಮೊಂತೆ ಕಸ್ಸಿನೊ ಮಠಕ್ಕೆ ಹೋದರು. ಬೆನೆಡಿಕ್ಟಿನ್ ಸನ್ಯಾಸಿಗಳಿಗೆಲ್ಲ ಅದು ಮೂಲಮಠ, ಸಂತ ಬೆನೆಡಿಕ್ಟ್ ಸ್ವತಃ ಸ್ಥಾಪಿಸಿದ್ದು. ಅಲ್ಲಿನ ಸನ್ಯಾಸಿಗಳು ತಮ್ಮ ಬಟ್ಟೆ ಬಿಟ್ಟು ತನ್ನ ಪಂಥದ ಬೂದು ಬಟ್ಟೆ ಹಾಕಿಕೊಳ್ಳಬೇಕು ಅಂತ ಅವರು ಹಟ ಹಿಡಿದರು. ಮಠವನ್ನು ತಮ್ಮವರ ಕೈಗೆ ಕೊಟ್ಟರು. ಒಪ್ಪದವರು ಮಠ ಬಿಟ್ಟು ಹೊರಡಬೇಕಾಯಿತು. ಒಳ್ಳೆಯ ಮನುಷ್ಯನ ಕೈಗೆ ಅಧಿಕಾರ ಬಂದಾಗ, ತನಗೆ ಒಳ್ಳೆಯದು ಅನ್ನಿಸಿದ್ದನ್ನು ಎಲ್ಲರ ಮೇಲೂ ಹೇರುವ ಆಸೆ ಬರೋದು ಎಷ್ಟು ಸಹಜ! ಇದನ್ನು ಓದುವಾಗ ನನಗೆ ಬೇಜಾರಾಯಿತು, ಯಾಕೆಂದರೆ ಇಲ್ಲಿ ಯಾವ ರಾಜನೂ ಅವರ ಕೈ ಹಿಡಿದಿರಲಿಲ್ಲ.

ಆ ಖಾಲಿ ಪತ್ರಗಳ ವಿಷಯಕ್ಕೆ ಬರೋಣ. ಪೋಪರ ಕಚೇರಿ ಆ ಕಾಲದ ಯುರೋಪಿನ ಅತಿದೊಡ್ಡ ಕಚೇರಿಗಳಲ್ಲಿ ಒಂದು. ಸ್ಕಾಟ್ಲೆಂಡ್‌ನಿಂದ ಸೈಪ್ರಸ್‌ವರೆಗೆ ಅರ್ಜಿಗಳು ಬರುತ್ತಿದ್ದವು. ಯಾರು ಪಾದ್ರಿ ಆಗಬೇಕು, ಯಾವ ಮಠದ ಜಮೀನು ಯಾರದು, ಯಾರ ಮದುವೆ ನಿಲ್ಲುತ್ತದೆ, ಎಲ್ಲದಕ್ಕೂ ಕೊನೆಯ ಮಾತು ಅಲ್ಲಿಂದಲೇ ಬರಬೇಕು. ಕೆಲಸ ನಡೆಯುತ್ತಿದ್ದದ್ದು ಲ್ಯಾಟಿನ್‌ನಲ್ಲಿ, ಕಾನೂನಿನ ಭಾಷೆಯಲ್ಲಿ. ಪಿಯೆತ್ರೊ ಅವರಿಗೆ ಅದು ಸಲೀಸಾಗಿರಲಿಲ್ಲ. ಕಾರ್ಡಿನಲ್‌ಗಳ ಸಭೆಯಲ್ಲಿ ಅವರಿಗಾಗಿ ಆಡುಮಾತಿನಲ್ಲೇ ಮಾತಾಡಬೇಕಾಗುತ್ತಿತ್ತು. ಕೇಳಿದವರಿಗೆ ಇಲ್ಲ ಅನ್ನೋದು ಅವರ ಸ್ವಭಾವದಲ್ಲೇ ಇರಲಿಲ್ಲ. ಬೆಟ್ಟದ ಮೇಲೆ ಅದು ಒಳ್ಳೆಯ ಗುಣ. ಅಲ್ಲಿ ಬರುವವರು ಕೇಳೋದು ಆಶೀರ್ವಾದ, ಅದನ್ನು ಎಷ್ಟು ಜನರಿಗೆ ಕೊಟ್ಟರೂ ಮುಗಿಯಲ್ಲ. ಒಂದು ಊರಿನ ಚರ್ಚಿನ ಹುದ್ದೆ ಹಾಗಲ್ಲ. ಇಬ್ಬರಿಗೆ ಕೊಟ್ಟರೆ ಒಬ್ಬರಿಗೆ ಮೋಸ. ಆ ಮೋಸ ಹೋದವನು ಎಲ್ಲೋ ದೂರದ ಊರಿನ ಬಡ ಪಾದ್ರಿ ಇರಬಹುದು. ಕೈಯಲ್ಲಿ ಪೋಪರ ಮೊಹರಿನ ಪತ್ರ ಹಿಡಿದು ವಾರಗಟ್ಟಲೆ ನಡೆದು ಬಂದಿರುತ್ತಾನೆ. ಬಂದು ನೋಡಿದರೆ ಅಷ್ಟೇ ಅಸಲಿಯಾದ ಇನ್ನೊಂದು ಪತ್ರ ಹಿಡಿದವನು ಒಳಗೆ ಕೂತಿದ್ದಾನೆ. ಪಿಯೆತ್ರೊ ಬಗ್ಗೆ ಬರೆಯುವವರು ಈ ಪಾದ್ರಿಯ ಬಗ್ಗೆ ಮಾತಾಡೋದು ಕಡಿಮೆ. ನನಗೆ ಇವನ ಮೇಲೂ ಅಷ್ಟೇ ಮರುಕ ಇದೆ.

ನವೆಂಬರ್ ಹೊತ್ತಿಗೆ ಅವರು ಕೋಟೆಯೊಳಗೆ ಮರದ ಹಲಗೆಗಳಿಂದ ಚಿಕ್ಕದೊಂದು ಗೂಡು ಕಟ್ಟಿಸಿಕೊಂಡರು. ಬೆಟ್ಟದ ಮೇಲಿದ್ದಂಥದ್ದೇ. ಸುತ್ತ ರಾಜನ ಅರಮನೆ, ಕಾವಲುಗಾರರು, ಅಡುಗೆಮನೆ, ಕುದುರೆಗಳು. ನಡುವೆ ಹಲಗೆಯ ಗೋಡೆ. ಕ್ರಿಸ್‌ಮಸ್‌ಗೆ ಮುಂಚಿನ ಉಪವಾಸದ ವಾರಗಳಲ್ಲಿ ಅದರೊಳಗೆ ಹೋಗಿ ಪ್ರಾರ್ಥನೆಯಲ್ಲೇ ಇರಬೇಕು, ಆಡಳಿತವನ್ನು ಮೂವರು ಕಾರ್ಡಿನಲ್‌ಗಳಿಗೆ ಒಪ್ಪಿಸಬೇಕು ಅಂತ ಅವರ ಯೋಚನೆ. ಕಾರ್ಡಿನಲ್ ಮತ್ತೆಯೊ ರೊಸ್ಸೊ ಓರ್ಸಿನಿ ಅದು ಆಗದ ಮಾತು ಅಂದರು. ಒಬ್ಬ ಪೋಪ್ ಬದಲಿಗೆ ಮೂವರು ಪೋಪರಾದ ಹಾಗಾಗುತ್ತದಲ್ಲ! ಓರ್ಸಿನಿ ಹೇಳಿದ್ದು ಸರಿಯಾಗಿತ್ತು. ಅಲ್ಲಿಗೆ ಉಳಿದದ್ದು ಒಂದೇ ದಾರಿ.

ನೆಲದ ಮೇಲೆ ಕೂತವರು

ಪೋಪ್ ರಾಜೀನಾಮೆ ಕೊಡಬಹುದಾ? ಪಿಯೆತ್ರೊ ಈ ಪ್ರಶ್ನೆಯನ್ನು ಬೆನೆದೆತ್ತೊ ಕಯೆತಾನಿ ಮತ್ತು ಬೇರೆ ಕಾನೂನು ತಿಳಿದವರ ಮುಂದೆ ಇಟ್ಟರು. ಕೊಡಬಹುದು ಅಂತ ಉತ್ತರ ಬಂತು. ಆಮೇಲೆ ಹುಟ್ಟಿಕೊಂಡ ಗಾಳಿಸುದ್ದಿ ತುಂಬಾ ಪ್ರಸಿದ್ಧ. ಕಯೆತಾನಿ ಗೋಡೆಯೊಳಗೆ ಕೊಳವೆ ಇಟ್ಟು, ರಾತ್ರಿ ಅದರ ಮೂಲಕ ದೇವದೂತನ ಹಾಗೆ ಪಿಸುಗುಟ್ಟಿ, ಪೀಠ ಬಿಡು ಅಂತ ಮುದುಕನನ್ನು ನಂಬಿಸಿದ ಅಂತ. ಕೇಳಲು ಮಜವಾಗಿರೋದರಿಂದ ಇವತ್ತಿಗೂ ಹೇಳುತ್ತಾರೆ. ನನಗೆ ಇದು ಕಯೆತಾನಿಗಿಂತ ಜಾಸ್ತಿ ಪಿಯೆತ್ರೊ ಅವರಿಗೆ ಮಾಡುವ ಅವಮಾನ ಅನ್ನಿಸುತ್ತದೆ. ಆ ಐದು ತಿಂಗಳಲ್ಲಿ ಅವರು ಪೂರ್ತಿಯಾಗಿ ತಾವೇ ಯೋಚಿಸಿ ಮಾಡಿದ ದೊಡ್ಡ ಕೆಲಸ ಇದೊಂದು. ಅದನ್ನೂ ಅವರ ಕೈಯಿಂದ ಕಿತ್ತುಕೊಂಡ ಹಾಗಾಗುತ್ತದೆ.

ಸುದ್ದಿ ಹೊರಗೆ ಬಂದಾಗ ನೇಪಲ್ಸ್‌ನಲ್ಲಿ ದೊಡ್ಡ ಮೆರವಣಿಗೆ ಹೊರಟಿತು. ಪಾದ್ರಿಗಳು, ಜನ, ಎಲ್ಲರೂ ಕೋಟೆಯ ಕಿಟಕಿಯ ಕೆಳಗೆ ನಿಂತು ಬಿಟ್ಟುಹೋಗಬೇಡಿ ಅಂತ ಬೇಡಿಕೊಂಡರು. ರಾಜನಿಗೂ ಅದೇ ಬೇಕಾಗಿತ್ತು. ಪಿಯೆತ್ರೊ ಮನಸ್ಸು ಬದಲಿಸಲಿಲ್ಲ. ಡಿಸೆಂಬರ್ 13ರಂದು ಕಾರ್ಡಿನಲ್‌ಗಳ ಎದುರು ರಾಜೀನಾಮೆ ಓದಿದರು. ಕೊಟ್ಟ ಕಾರಣಗಳನ್ನು ನೋಡಿ. ವಿನಯ. ಇನ್ನೂ ಒಳ್ಳೆಯ ಬದುಕಿನ ಆಸೆ. ಮನಸ್ಸಾಕ್ಷಿ ಕೆಡದಿರಲಿ ಅನ್ನುವ ಚಿಂತೆ. ದೇಹದ ನಿಶ್ಶಕ್ತಿ. ತಿಳಿವಳಿಕೆಯ ಕೊರತೆ. ಜನರ ಕೆಟ್ಟತನ. ಮೊದಲಿನ ಬದುಕಿನ ನೆಮ್ಮದಿ ಮತ್ತೆ ಬೇಕು ಅನ್ನುವ ಬಯಕೆ. ಆರೋಗ್ಯ ಸರಿಯಿಲ್ಲ ಅಂತ ಒಂದು ಸಾಲು ಬರೆದು ಮುಗಿಸಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ಇಡೀ ಕ್ರೈಸ್ತ ಜಗತ್ತಿನ ತಲೆಯ ಮೇಲೆ ಕೂತವರು ನನಗೆ ತಿಳಿವಳಿಕೆ ಸಾಲದು ಅಂತ ಎಲ್ಲರ ಮುಂದೆ ಓದುತ್ತಿದ್ದಾರೆ. ಆ ಸಾಲನ್ನು ಹೇಡಿಗಳು ಬರೆಯಲ್ಲ. ಓದಿ ಮುಗಿಸಿ ಉಂಗುರ ತೆಗೆದರು, ಕಿರೀಟ ತೆಗೆದರು, ಮೇಲಂಗಿ ತೆಗೆದರು. ಪೀಠದಿಂದ ಇಳಿದು ನೆಲದ ಮೇಲೆ ಕೂತರು.

ಇಳಿಯುವ ಮುಂಚೆ ಅವರು ಇನ್ನೊಂದು ಕೆಲಸ ಮಾಡಿಟ್ಟಿದ್ದರು, ಅದನ್ನು ಜನ ಮರೆತೇಬಿಡುತ್ತಾರೆ. ಪೋಪರ ಆಯ್ಕೆ ಮುಗಿಯುವವರೆಗೆ ಕಾರ್ಡಿನಲ್‌ಗಳನ್ನು ಒಳಗೆ ಹಾಕಿ ಬೀಗ ಜಡಿಯಬೇಕು, ಮೂರು ದಿನ ಕಳೆದರೆ ಊಟಕ್ಕೆ ಒಂದೇ ಪದಾರ್ಥ, ಮತ್ತೆ ಐದು ದಿನ ಕಳೆದರೆ ಬರೀ ರೊಟ್ಟಿ, ನೀರು, ವೈನ್. 1274ರಲ್ಲಿ ಹತ್ತನೇ ಗ್ರೆಗರಿ ಮಾಡಿದ್ದ ನಿಯಮ ಇದು. ಕಾರ್ಡಿನಲ್‌ಗಳಿಗೆ ಸುತಾರಾಂ ಇಷ್ಟವಿರಲಿಲ್ಲ, ಎರಡೇ ವರ್ಷದಲ್ಲಿ ಅದು ನಿಂತುಹೋಗಿತ್ತು. ನಿಂತುಹೋದದ್ದರ ಫಲವೇ ಆ 27 ತಿಂಗಳು. ಪಿಯೆತ್ರೊ ಆ ನಿಯಮವನ್ನು ವಾಪಸ್ ತಂದರು. ಅವರು ಇಳಿದದ್ದು 13ಕ್ಕೆ, ಹೊಸ ಪೋಪ್ ಆಯ್ಕೆಯಾದದ್ದು 24ಕ್ಕೆ. ಹನ್ನೊಂದೇ ದಿನ. ತಮ್ಮನ್ನು ಗುಹೆಯಿಂದ ಎಳೆದುತಂದ ಆ ಪರಿಸ್ಥಿತಿ ಇನ್ನೊಬ್ಬರಿಗೆ ಬರದ ಹಾಗೆ ನೋಡಿಕೊಂಡರು. ಆಡಳಿತ ಗೊತ್ತಿಲ್ಲದವರು ಅನ್ನಿಸಿಕೊಂಡವರ ಈ ಒಂದು ನಿಯಮ ಬಾಳಿತು. ಇವತ್ತಿಗೂ ಪೋಪರ ಆಯ್ಕೆ ಮುಚ್ಚಿದ ಬಾಗಿಲ ಹಿಂದೆಯೇ ನಡೆಯುತ್ತದೆ.

ಬೆಟ್ಟಕ್ಕೆ ಬಿಡಲಿಲ್ಲ

ಹೊಸ ಪೋಪ್ ಬೆನೆದೆತ್ತೊ ಕಯೆತಾನಿ. ಎಂಟನೇ ಬೊನಿಫೇಸ್ ಅಂತ ಹೆಸರಿಟ್ಟುಕೊಂಡರು. ಬಂದ ಕೂಡಲೇ ಹಿಂದಿನವರು ಕೊಟ್ಟ ಪತ್ರ, ನೇಮಕ, ರಿಯಾಯಿತಿಗಳಲ್ಲಿ ಹೆಚ್ಚಿನದನ್ನೆಲ್ಲ ರದ್ದು ಮಾಡಿದರು. ಅದರಲ್ಲಿ ತಪ್ಪಿಲ್ಲ, ಯಾರಾದರೂ ಮಾಡಲೇಬೇಕಿತ್ತು. ಆದರೆ ಪಿಯೆತ್ರೊ ಅವರನ್ನು ಏನು ಮಾಡೋದು? ಅವರಿಗೆ ಬೇಕಾಗಿದ್ದು ಮೊರೋನೆಯ ಆ ಕೋಣೆ ಮಾತ್ರ. ಬೊನಿಫೇಸ್‌ಗೆ ಭಯ. ರಾಜೀನಾಮೆಯೇ ನಡೆಯಲ್ಲ, ಅಸಲಿ ಪೋಪ್ ಬೆಟ್ಟದ ಮೇಲಿದ್ದಾರೆ ಅಂತ ಯಾರಾದರೂ ಹೊರಟರೆ? ಹಾಗೆ ಹೇಳುವವರು ಆಗಲೇ ಇದ್ದರು. ಜನ ಆ ಮುದುಕರನ್ನು ನೋಡಿದಲ್ಲೆಲ್ಲ ಕಾಲಿಗೆ ಬೀಳುತ್ತಿದ್ದರು. ತಮ್ಮ ಜೊತೆ ರೋಮ್‌ಗೆ ಬರಬೇಕು ಅಂತ ಬೊನಿಫೇಸ್ ಹೇಳಿದರು. ದಾರಿಯಲ್ಲಿ ಪಿಯೆತ್ರೊ ತಪ್ಪಿಸಿಕೊಂಡರು.

80 ದಾಟಿದ ಮನುಷ್ಯ ಚಳಿಗಾಲದಲ್ಲಿ ಬೆಟ್ಟ, ಕಾಡು ಹಿಡಿದು ಓಡಿದರು. ಮೊರೋನೆಗೆ ಹೋದರೆ ಅಲ್ಲಿಗೂ ಹುಡುಕುವವರು ಬಂದರು. ಅಲ್ಲಿಂದ ಪೂರ್ವಕ್ಕೆ, ಪುಲಿಯಾ ಕಡೆಗೆ. ಸಮುದ್ರ ದಾಟಿ ಗ್ರೀಸ್ ಕಡೆಗೆ ಹೋಗಿಬಿಡೋಣ ಅಂತ ದೋಣಿ ಹತ್ತಿದರು. ಗಾಳಿ ಅವರನ್ನು ದಡಕ್ಕೇ ವಾಪಸ್ ತಳ್ಳಿತು. 1295ರಲ್ಲಿ ವಿಯೆಸ್ತೆ ಅನ್ನುವ ಕರಾವಳಿ ಊರಿನಲ್ಲಿ ಗುರುತು ಸಿಕ್ಕಿ, ಹಿಡಿದು ಅನಾನ್ಯಿಗೆ ಬೊನಿಫೇಸ್ ಹತ್ತಿರ ತಂದರು. ಆಮೇಲೆ ಫುಮೋನೆ ಕೋಟೆ. ಎತ್ತರದ ಗುಡ್ಡದ ಮೇಲಿನ ಕೋಟೆ, ಇಕ್ಕಟ್ಟಿನ ಕೋಣೆ, ಹೊರಗೆ ಸೈನಿಕರು. ಶಿಷ್ಯರು ಬರೆದ ಜೀವನಚರಿತ್ರೆಯಲ್ಲಿ ಒಂದು ವಿವರ ಇದೆ. ಆ ಕೋಣೆ ಎಷ್ಟು ಚಿಕ್ಕದೆಂದರೆ, ಪೂಜೆ ಅರ್ಪಿಸುವಾಗ ಕಾಲಿಡುತ್ತಿದ್ದ ಜಾಗದಲ್ಲೇ ರಾತ್ರಿ ತಲೆಯಿಟ್ಟು ಮಲಗಬೇಕಿತ್ತು. 1296ರ ಮೇ 19ರಂದು ಅವರು ಅಲ್ಲೇ ತೀರಿಕೊಂಡರು.

ಕೊಂದರು ಅನ್ನುವ ಮಾತು ಕೂಡಲೇ ಹಬ್ಬಿತು. ಅವರ ತಲೆಬುರುಡೆಯಲ್ಲಿ ಒಂದು ತೂತು ಇರೋದು ನಿಜ. ಮೊಳೆ ಹೊಡೆದು ಸಾಯಿಸಿದರು ಅಂತ ಶತಮಾನಗಳ ಕಾಲ ಹೇಳಿಕೊಂಡು ಬಂದರು. ಇತ್ತೀಚೆಗೆ ವೈದ್ಯರು ಪರೀಕ್ಷೆ ಮಾಡಿ, ಅದು ಸತ್ತ ಎಷ್ಟೋ ಕಾಲದ ಮೇಲೆ ಆದ ತೂತು ಅಂದಿದ್ದಾರೆ. ನನ್ನ ಮಟ್ಟಿಗೆ ಮೊಳೆ ಬೇಕಾಗಿಲ್ಲ. ಆ ವಯಸ್ಸಿನವರನ್ನು ಹಿಡಿದುತಂದು ಕೂಡಿಹಾಕಿದ್ದೇ ಸಾಕು. ಬೊನಿಫೇಸ್ ಕಾನೂನು ಬಲ್ಲವರು. 1298ರಲ್ಲಿ ಅವರು ಹೊರತಂದ ಕಾನೂನು ಗ್ರಂಥದಲ್ಲಿ ಪೋಪ್ ತಾನಾಗಿ ಪೀಠ ಬಿಡಬಹುದು ಅಂತ ಸ್ಪಷ್ಟವಾಗಿ ಬರೆಸಿದರು. ಬಿಟ್ಟ ಮೇಲೆ ಆ ಮನುಷ್ಯ ಎಲ್ಲಿರಬೇಕು, ಹೇಗಿರಬೇಕು ಅನ್ನೋದಕ್ಕೆ ಅವರ ಹತ್ತಿರ ಇದ್ದ ಉತ್ತರ ಫುಮೋನೆಯ ಕೋಣೆ.

ಇಟಲಿಯ ಕವಿ ಡಾಂಟೆ ತನ್ನ ಮಹಾಕಾವ್ಯದಲ್ಲಿ ನರಕದ ಬಾಗಿಲ ಒಳಗೇ ಹೆಸರಿಲ್ಲದ ಒಂದು ನೆರಳನ್ನು ನಿಲ್ಲಿಸಿದ. ಹೇಡಿತನದಿಂದ ದೊಡ್ಡದೊಂದನ್ನು ನಿರಾಕರಿಸಿದವನು ಅಂತ. ಅದು ಪಿಯೆತ್ರೊ ಅಂತಲೇ ಹೆಚ್ಚಿನವರು ಓದಿದರು. ಡಾಂಟೆಯ ನೋವು ನನಗೆ ಅರ್ಥವಾಗುತ್ತದೆ. ಬೊನಿಫೇಸ್ ರಾಜಕೀಯದಿಂದ ಅವನು ತನ್ನ ಊರು ಫ್ಲಾರೆನ್ಸ್ ಕಳೆದುಕೊಂಡ, ಸಾಯುವವರೆಗೂ ಮರಳಿ ಹೋಗಲಾಗಲಿಲ್ಲ. ಈ ಮುದುಕ ಇಳಿಯದೇ ಇದ್ದಿದ್ದರೆ ಬೊನಿಫೇಸ್ ಬರುತ್ತಿರಲಿಲ್ಲ ಅನ್ನುವ ಸಿಟ್ಟು. ಆದರೆ ಇಳಿಯದೇ ಇದ್ದಿದ್ದರೆ ಏನಾಗುತ್ತಿತ್ತು? ರಾಜ ಚಾರ್ಲ್ಸ್ ಲಗಾಮು ಹಿಡಿದುಕೊಂಡೇ ಇರುತ್ತಿದ್ದ, ಖಾಲಿ ಪತ್ರಗಳು ಹೋಗುತ್ತಲೇ ಇರುತ್ತಿದ್ದವು. ಇಟಲಿಯ ಇನ್ನೊಬ್ಬ ಕವಿ ಪೆಟ್ರಾರ್ಕ್ ಮುಂದೆ ಪಿಯೆತ್ರೊ ಅವರನ್ನು ಹೊಗಳಿ ಬರೆದ. ಈ ವಿಷಯದಲ್ಲಿ ನಾನು ಪೆಟ್ರಾರ್ಕ್ ಕಡೆ.

ಲಾಕ್ವಿಲದ ಬಾಗಿಲು

ಸಂತ ಅಂತ ಘೋಷಣೆಯಾದದ್ದು 1313ರ ಮೇ 5ರಂದು. ಮಾಡಿದವರು ಐದನೇ ಕ್ಲೆಮೆಂಟ್, ಬೆಟ್ಟಕ್ಕೆ ಹತ್ತಿದ್ದ ಆ ಲಿಯೋನ್ ಆರ್ಚ್‌ಬಿಷಪ್‌ರ ತಮ್ಮ. ಬೊನಿಫೇಸ್‌ರ ಕಡುವೈರಿಯಾಗಿದ್ದ ಫ್ರಾನ್ಸಿನ ರಾಜ ನಾಲ್ಕನೇ ಫಿಲಿಪ್ ಅವರನ್ನು ಹುತಾತ್ಮ ಅಂತ ಸಾರಬೇಕು ಅಂದಿದ್ದ. ಹುತಾತ್ಮ ಅಂದರೆ ಕೊಂದವರು ಇರಬೇಕು, ಕೊಂದವರು ಬೊನಿಫೇಸ್ ಅಂತ ಆಗಬೇಕು. ಕ್ಲೆಮೆಂಟ್ ಅದಕ್ಕೆ ಒಪ್ಪಲಿಲ್ಲ. ಸೆಲೆಸ್ಟೀನ್ ಅನ್ನುವ ಪೋಪ್ ಹೆಸರೂ ಇಲ್ಲದೆ, ಮೊರೋನೆಯ ಪೀಟರ್ ಅಂತ ಸಂತರ ಪಟ್ಟಿಗೆ ಸೇರಿಸಿದರು. ಸತ್ತ ಮೇಲೂ ಅವರನ್ನು ಸುಮ್ನೆ ಇರಲು ಬಿಡದೆ ಎರಡೂ ಕಡೆಯವರು ಎಳೆದಾಡಿದರು.

ಲಾಕ್ವಿಲ ಊರು ಮಾತ್ರ ಅವರನ್ನು ತನ್ನವರು ಅಂತ ಇಟ್ಟುಕೊಂಡಿದೆ. 1327ರಲ್ಲಿ ಅವರ ದೇಹವನ್ನು ಕೊಲ್ಲೆಮಾಜ್ಜೊ ಚರ್ಚಿಗೆ ತಂದರು. ಪಿಯೆತ್ರೊ ಪೋಪ್ ಆಗಿದ್ದಾಗ ಈ ಚರ್ಚಿಗೆ ಒಂದು ವರ ಕೊಟ್ಟಿದ್ದರು. ಆಗಸ್ಟ್ 28ರ ಸಂಜೆಯಿಂದ 29ರ ಸಂಜೆಯೊಳಗೆ, ನಿಜವಾಗಿ ಪಶ್ಚಾತ್ತಾಪಪಟ್ಟು, ಪಾಪನಿವೇದನೆ ಮಾಡಿ ಒಳಗೆ ಬರುವ ಯಾರಿಗೇ ಆಗಲಿ, ಪಾಪದ ಶಿಕ್ಷೆ ಪೂರ್ತಿ ಮಾಫಿ. ಆಗ ಅಂಥ ಮಾಫಿ ಸಿಗುತ್ತಿದ್ದದ್ದು ಪವಿತ್ರ ಯುದ್ಧಕ್ಕೆ ಹೋದವರಿಗೆ, ದುಡ್ಡು ಕೊಡಬಲ್ಲವರಿಗೆ. ಇಲ್ಲಿ ದುಡ್ಡು ಕೇಳಲಿಲ್ಲ, ದೂರದ ಯಾತ್ರೆ ಕೇಳಲಿಲ್ಲ. ಬೊನಿಫೇಸ್ ಇದನ್ನೂ ರದ್ದು ಮಾಡಿದರು. ಊರಿನವರು ಆ ಪತ್ರವನ್ನು ಬಿಟ್ಟುಕೊಡಲಿಲ್ಲ. ಇವತ್ತಿಗೂ ಅದು ಇರೋದು ಚರ್ಚಿನ ಕೈಯಲ್ಲಲ್ಲ, ನಗರಸಭೆಯ ಕೈಯಲ್ಲಿ. ಪ್ರತಿ ವರ್ಷ ಮೆರವಣಿಗೆಯಲ್ಲಿ ತರುತ್ತಾರೆ. 2019ರಲ್ಲಿ ಯುನೆಸ್ಕೊ ಈ ಆಚರಣೆಯನ್ನು ತನ್ನ ಪಟ್ಟಿಗೆ ಸೇರಿಸಿತು.

2009ರ ಏಪ್ರಿಲ್ 6ರ ಭೂಕಂಪದಲ್ಲಿ ಲಾಕ್ವಿಲದಲ್ಲಿ, ಸುತ್ತಲಿನ ಊರುಗಳಲ್ಲಿ 309 ಜನ ಸತ್ತರು. ಕೊಲ್ಲೆಮಾಜ್ಜೊ ಚರ್ಚಿನ ಒಂದು ಭಾಗ ಕುಸಿಯಿತು. ಅದೇ ತಿಂಗಳ 28ರಂದು ಹದಿನಾರನೇ ಬೆನೆಡಿಕ್ಟ್ ಪೋಪ್ ಅಲ್ಲಿಗೆ ಬಂದು, ಪಿಯೆತ್ರೊ ಅವರ ದೇಹ ಇರುವ ಗಾಜಿನ ಪೆಟ್ಟಿಗೆಯ ಮೇಲೆ ತಮ್ಮ ಪೀಠದ ಗುರುತಾದ ಉಣ್ಣೆಯ ಪಟ್ಟಿಯನ್ನು ಇಟ್ಟರು. ನಾಲ್ಕು ವರ್ಷದ ಮೇಲೆ ಬೆನೆಡಿಕ್ಟ್ ತಾವೇ ರಾಜೀನಾಮೆ ಕೊಟ್ಟಾಗ ಎಲ್ಲರೂ ಆ ಫೋಟೊ ಹುಡುಕಿ ತೆಗೆದರು. 2022ರ ಆಗಸ್ಟ್ 28ರಂದು ಫ್ರಾನ್ಸಿಸ್ ಪೋಪ್ ಲಾಕ್ವಿಲಕ್ಕೆ ಬಂದು, ಮಾಫಿ ಬೇಡುವವರು ಒಳಗೆ ಬರುವ ಕೊಲ್ಲೆಮಾಜ್ಜೊ ಚರ್ಚಿನ ಬಾಗಿಲನ್ನು ತಾವೇ ತೆರೆದರು. ಸೆಲೆಸ್ಟೀನ್ ಅವರನ್ನು ದೊಡ್ಡದನ್ನು ನಿರಾಕರಿಸಿದವರು ಅಂತ ನೆನೆಯೋದು ತಪ್ಪು ಅಂತ ಅಲ್ಲಿ ಹೇಳಿದರು. ಡಾಂಟೆಗೆ ಒಬ್ಬ ಪೋಪ್ ಬಾಯಿಂದ ಉತ್ತರ ಬಂತು ಅಂತ ನನಗೆ ಸಂತೋಷವಾಯಿತು.

ಆದರೆ ನನ್ನ ಗಮನ ಜಾಸ್ತಿ ಹೋದದ್ದು ಬೆನೆಡಿಕ್ಟ್ ಕಡೆಗೆ. ಅವರು ಇಳಿದದ್ದು 2013ರ ಫೆಬ್ರವರಿಯಲ್ಲಿ. ತೀರಿಕೊಂಡದ್ದು 2022ರ ಡಿಸೆಂಬರ್ 31ರಂದು. ನಡುವಿನ ಹತ್ತಿರ ಹತ್ತು ವರ್ಷ ಹೆಚ್ಚಾಗಿ ವ್ಯಾಟಿಕನ್ ತೋಟದೊಳಗಿನ ಒಂದು ಮಠದಲ್ಲಿ ಓದಿಕೊಂಡು, ಪ್ರಾರ್ಥನೆ ಮಾಡಿಕೊಂಡು, ಸಂಜೆ ನಡೆದಾಡಿಕೊಂಡು ಇದ್ದರು. ಪಿಯೆತ್ರೊ ಕೇಳಿದ್ದು ಇಷ್ಟನ್ನೇ. ಹಾಗಂತ ಈ ಸಲವೂ ಎಲ್ಲ ಸಲೀಸಾಗಿರಲಿಲ್ಲ. ಬಿಳಿ ಬಟ್ಟೆ ಹಾಕಬಹುದಾ, ಪೋಪ್ ಅಂತ ಕರೆಯಬಹುದಾ ಅಂತ ವಾದ ನಡೆದವು. ಅಸಲಿ ಪೋಪ್ ಅವರೇ ಅಂತ ಹೇಳುವವರು ಈ ಸಲವೂ ಹುಟ್ಟಿಕೊಂಡರು. ಇದಕ್ಕೆಲ್ಲ ಒಂದು ಕಾರಣ ಇದೆ. ರಾಜೀನಾಮೆ ಸ್ವತಂತ್ರವಾಗಿ ಕೊಟ್ಟಿರಬೇಕು, ಅದನ್ನು ಯಾರೂ ಅಂಗೀಕರಿಸಬೇಕಾಗಿಲ್ಲ ಅಂತ ಈಗಿನ ಚರ್ಚ್ ಕಾನೂನು ಹೇಳುತ್ತದೆ. ಕೊಟ್ಟ ಮೇಲೆ ಆ ಮನುಷ್ಯನ ಸ್ಥಾನ ಏನು, ವಾಸ ಎಲ್ಲಿ, ಯಾರ ರಕ್ಷಣೆಯಲ್ಲಿ ಅನ್ನೋದರ ಬಗ್ಗೆ ಅದರಲ್ಲಿ ಏನೂ ಇಲ್ಲ. ಬೆನೆಡಿಕ್ಟ್ ನೆಮ್ಮದಿಯಾಗಿದ್ದದ್ದು ಫ್ರಾನ್ಸಿಸ್ ಅವರನ್ನು ಗೌರವದಿಂದ ನೋಡಿಕೊಂಡಿದ್ದರಿಂದ. ಮುಂದೊಮ್ಮೆ ಇಳಿಯುವವರಿಗೆ ಸಿಗೋದು ಫ್ರಾನ್ಸಿಸ್ ಆಗಿರಬಹುದು, ಬೊನಿಫೇಸ್ ಆಗಿರಬಹುದು. ಅದನ್ನು ಅದೃಷ್ಟಕ್ಕೆ ಬಿಡಬಾರದು, ಬರೆದು ಇಡಬೇಕು ಅನ್ನೋದು ನನ್ನ ಆಸೆ.